ಕತ್ತರಿಸಿದ ಹೆಸರು

“ಹಾಡನ್ನ ಎಲ್ಲಿ ಬೇಕಾದ್ರೂ ಕತ್ತರಿಸಿ ಸಾರ್. ಕೊನೇಲಿ ಹಾಡಿದಾಕೆ ತನ್ನ ಹೆಸರು ಹೇಳ್ತಾಳಲ್ಲ, ಅದನ್ನ ಮಾತ್ರ ಮುಟ್ಟಬೇಡಿ.”

ರೆಕಾರ್ಡುಗಳ ಉಗ್ರಾಣ ಕಾಯುವ ಮುದುಕನ ಮಾತಿಗೆ ಬ್ರ್ಯಾಂಡಿಂಗ್‌ನವನು ನಕ್ಕ. “ಇದೇನು ತಾತ, ಶಾಲೆ ಹಾಜರೀನಾ?”

ಶಾಸ್ತ್ರೀಯ ಸಂಗೀತದ ಆ ಕಂಪನಿಗೆ ನೂರು ತುಂಬುತ್ತಿತ್ತು. ಹೊಸ ಲಾಂಛನ, ಹೊಸ ಬಣ್ಣ, ಪ್ರತಿ ಹಾಡಿಗೂ ಮುನ್ನ ಮೊಳಗುವ ಗುರುತಿನ ದನಿ: ಇವನ್ನು ರೂಪಿಸಲು ಅವನನ್ನು ಕರೆಸಿದ್ದರು. ಅವನು ಆರಿಸಿಕೊಂಡದ್ದು ಕಂಪನಿಯ ಮೊಟ್ಟಮೊದಲ ಗ್ರಾಮಫೋನ್ ತಟ್ಟೆ. ಆ ಕಾಲದಲ್ಲಿ ಹಾಡು ಮುಗಿದೊಡನೆ ಹಾಡಿದವರೇ ತಮ್ಮ ಹೆಸರು ಹೇಳುವುದು ರೂಢಿ. ದೂರದ ಕಾರ್ಖಾನೆಯಲ್ಲಿ ಚೀಟಿ ಅಂಟಿಸುವವರಿಗೆ ಅದೇ ಆಧಾರ. ಆದರೆ ಸ್ಥಾಪಕ ಚೀಟಿಯ ಮೇಲೆ ಕಂಪನಿಯ ಹೆಸರೊಂದನ್ನೇ ಅಚ್ಚುಹಾಕಿಸಿದ್ದ.

“ಆಕೆ ದನಿ ಕೊರೆಯೋ ಅರಗಿಗೆ ತನ್ನ ಕೂದಲು ಬೆರೆಸಿ ಮಾಟ ಮಾಡಿದ್ಲು,” ಮುದುಕ ದನಿ ತಗ್ಗಿಸಿದ. “‘ತಟ್ಟೇಲಿರೋ ನನ್ನ ಹೆಸರನ್ನೂ ಅಳಿಸಿದವನ್ನ ಅವನ ಮನೆಯವರೇ ಗುರುತಿಸದೆ ಹೋಗ್ಲಿ’ ಅಂತ. ಸ್ಥಾಪಕರು ಮರುಮುದ್ರಣದಲ್ಲಿ ಅಳಿಸಿದ್ರು. ಆಮೇಲೆ ಸ್ವಂತ ಹೆಂಡ್ತೀನೇ ‘ನೀವ್ಯಾರು’ ಅಂದ್ರಂತೆ.”

“ಮರೆತ ಹಾಗೆ ನಟಿಸಿ ಬಚಾವಾದ್ರು ಬಿಡಿ, ಪುಣ್ಯಾತ್ಗಿತ್ತಿ. ನನಗೆ ನಾಲ್ಕು ವರ್ಷದ ಮಗಳಿದಾಳೆ. ಅವಳು ಪ್ರಪಂಚ ಮರೆತರೂ ಅಪ್ಪನ್ನ ಮರೆಯೋಲ್ಲ.”

ಕಂಪ್ಯೂಟರಿನ ಅಳಿಸುವ ಗುಂಡಿ ಒತ್ತಿದ. ಪರದೆಯ ಮೇಲೆ ದನಿಯಲೆಯಾಗಿ ಏರಿಳಿಯುತ್ತಿದ್ದ ಹೆಸರು ಚಪ್ಪಟೆ ಗೆರೆಯಾಯಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಸುಟ್ಟ ಕೂದಲಿನ ಕಮಟು ಮೆಲ್ಲನೆ ಹರಡಿತು.

ಸಂಜೆ ಬಾಗಿಲು ತೆರೆದ ಮಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಮ್ಮಾ, ಯಾರೋ ಬಂದಿದಾರೆ.”

ತಮಾಷೆಯೆಂದು ಎತ್ತಿಕೊಳ್ಳಹೋದ. ಮಗು ಕಿಟಾರನೆ ಕಿರುಚಿತು. ಹೆಂಡತಿ ಓಡಿಬಂದು ಅದನ್ನು ಬೆನ್ನ ಹಿಂದಕ್ಕೆಳೆದುಕೊಂಡಳು.

“ಯಾರು ಬೇಕಿತ್ತು?”

“ನಾನು ಕಣೇ, ನಾನು...”

ಹೆಸರು ಬರಲಿಲ್ಲ. ನಾಲಿಗೆ ತಡಕಾಡಿತು. ಬಾಯೆಲ್ಲ ಅರಗಿನ ಕಹಿ. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಅಳು ಬರಬೇಕಿತ್ತು. ಬರಲಿಲ್ಲ. ಎದೆಯೊಳಗಿನ ಸಾಮಾನನ್ನೆಲ್ಲ ಯಾರೋ ಸದ್ದಿಲ್ಲದೆ ಸಾಗಿಸಿಕೊಂಡು ಹೋದಂತಿತ್ತು.

ಕಾಲುಗಳೇ ಅವನನ್ನು ಉಗ್ರಾಣಕ್ಕೆ ತಂದವು. ಅವನನ್ನು ಕಂಡೊಡನೆ ಮುದುಕ ಮೂಲ ತಟ್ಟೆಯನ್ನು ಯಂತ್ರದ ಮೇಲಿಟ್ಟ. ಮುಳ್ಳು ಇಳಿಯಿತು. ಸುಂಯ್ ಎನ್ನುವ ಸದ್ದು. ಆಲಾಪ. ಮೌನ. ಬಳಿಕ, ತಣ್ಣಗೆ, ಆ ಹೆಣ್ಣುದನಿ ಒಂದು ಹೆಸರು ಹೇಳಿತು. ಗಂಡಸಿನ ಹೆಸರು.

ಅವನು ಬೆಳಿಗ್ಗೆ ಕೊಟ್ಟಿದ್ದ ವಿಸಿಟಿಂಗ್ ಕಾರ್ಡನ್ನು ಮುದುಕ ಜೇಬಿನಿಂದ ತೆಗೆದು ಓದಿದ.

“ಇದು ನಿಮ್ಮದೇ ಸಾರ್! ತಟ್ಟೆ ನಿಲ್ಲೋದ್ರೊಳಗೆ ‘ಇದು ನನ್ನ ಹೆಸರು’ ಅಂದುಬಿಡಿ, ಮಾಟ ಬಿಡುತ್ತೆ. ಮಗಳು ಸಿಗ್ತಾಳೆ. ಅನ್ನಿ ಸಾರ್!”

ತಟ್ಟೆ ನಿಧಾನವಾಗುತ್ತ ಆ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಿತ್ತು. ಅವನು ಕಿವಿಗೊಟ್ಟು ಕೇಳಿದ. ಮತ್ತೊಮ್ಮೆ ಕೇಳಿದ. ಒಳಗೆ ಏನೂ ಮಿಸುಕಲಿಲ್ಲ.

“ಸುಳ್ಳು ಹೇಗೆ ಹೇಳ್ಲಿ ತಾತ?” ಎಂದ. “ಆ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ.”