ಒಂಟಿ ಸೀಟಿನ ಬಾಲ

ಹಳೆಯ ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟಿನಿಂದ ಬಿದ್ದು ನನ್ನ ಹಿರಿಮಗ ದೇವರ ಪಾದ ಸೇರಿದ. ಓಡಿಸುತ್ತಿದ್ದ ಕಿರಿಮಗ ಉಳಿದ. ಅದರಲ್ಲಿ ಇನ್ನೆಂದೂ ಇಬ್ಬರು ಕೂರಬಾರದೆಂದು ನಾನು ಹಟ ಹಿಡಿದು, ಹಿಂಭಾಗವನ್ನೇ ಬದಲಿಸಿ, ಹಿಂದೆ ಕೂರಲು ಜಾಗವೇ ಇಲ್ಲದ ಇಳಿಜಾರಿನ ಒಂಟಿ ಸೀಟಿನ ಬಾಲ ಹಾಕಿಸಿದೆ.

"ಯಜಮಾನ್ರೇ, ಇನ್ಮೇಲೆ ಇಲ್ಲಿ ನೊಣ ಕೂತ್ರೂ ಜಾರುತ್ತೆ," ಎಂದು ಮೆಕ್ಯಾನಿಕ್ ನಕ್ಕ.

ಕಿರಿಯವನು ಬೈಕ್ ಏರಿ, ಅಭ್ಯಾಸಬಲದಿಂದ, "ಅಣ್ಣಾ, ಕೂತ್ಯಾ?" ಎಂದುಬಿಟ್ಟ.

ಬೈಕಿನ ಹಿಂಬದಿ ಮೆಲ್ಲಗೆ ಕುಸಿಯಿತು.

"ಇಳಿಯೋ, ಮಗನೇ!" ಎಂದು ಕೂಗಿದೆ. ಅವನು ಇಳಿದ. ಬೈಕ್ ಮೇಲೇಳಲಿಲ್ಲ.

"ಸ್ಪ್ರಿಂಗ್ ಸರಿಯಾಗೇ ಇದೆ. ಇನ್ನೊಬ್ರಿಗೂ ಇಳಿಯೋಕೆ ಹೇಳಿ," ಎಂದು ಮೆಕ್ಯಾನಿಕ್ ಪಿಸುಗುಟ್ಟಿದ.

ದೇವರನ್ನು ನೆನೆದು ಬಾಲದ ಮೇಲೆ ಕೈಯಿಟ್ಟೆ, ಮೈಕಾವಿನಂತೆ ಬೆಚ್ಚಗಿತ್ತು. ಹಿರಿಯವನಿಗೆ ಇಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬೈಕ್ ಇಂದಿಗೂ ಮನೆಯ ಮುಂದೆ ಹಾಗೆಯೇ ತಗ್ಗಿ ನಿಂತಿದೆ.