ಡಸ್ಟಿ ಬಾರದ ಗುರುವಾರ

"ಡಸ್ಟಿಗೆ ನೆಗಡಿ ಅಂತ ಹೇಳು, ಸಾಕು," ಕಾರಿನ ಬಾಗಿಲು ಹಾಕುತ್ತ ಅಮ್ಮ ಅಂದಳು. "ಸತ್ತುಹೋದ ಅಂತ ಬಾಯಿ ಬಿಡ್ಬೇಡ. ಪಾಪ, ವಯಸ್ಸಾದವರು, ತಡ್ಕೊಳ್ಳಲ್ಲ."

ಟಿಲ್ಲಿಗೆ ಒಳಗೆ ಹೋಗಲು ಕಾಲೇ ಬರಲಿಲ್ಲ. ಬೆಂಡಿಗೋ ಊರಿನ ಆ ವೃದ್ಧಾಶ್ರಮಕ್ಕೆ ಗುರುವಾರ ಬಂತೆಂದರೆ ಅವಳು ಡಸ್ಟಿಯನ್ನು ಕರೆತರುತ್ತಿದ್ದಳು. ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್ ನಾಯಿ ಅದು. ಯಾರ ಪಕ್ಕ ನಿಂತರೂ ಅವರ ಕಾಲಿಗೆ ಮೈಯೆಲ್ಲ ಒರಗಿಸಿಬಿಡುತ್ತಿತ್ತು. ವಾರವಿಡೀ ಟಿವಿ ಕಡೆ ಮುಖ ಮಾಡಿ ತೆಪ್ಪಗೆ ಕೂತಿರುತ್ತಿದ್ದ ಅಜ್ಜ ಅಜ್ಜಿಯರು, ಡಸ್ಟಿ ಬಂದ ಕೂಡಲೇ "ಈಗ ನನ್ನ ಸರದಿ!" ಎಂದು ಜಗಳಕ್ಕೇ ಬೀಳುತ್ತಿದ್ದರು.

ಡಸ್ಟಿಯೇ ಇಲ್ಲದ ಮೇಲೆ ತನ್ನನ್ನು ಯಾರು ಕೇಳುತ್ತಾರೆ?

ಹಾಲ್‌ನಲ್ಲಿ ಎಲ್ಲರೂ ಆಗಲೇ ದುಂಡಗೆ ಕೂತಿದ್ದರು. "ಎಲ್ಲಿ ನಮ್ಮ ಸೋಮಾರಿ?" ಕ್ಲಾರಿ ತಾತ ಕತ್ತು ಚಾಚಿ ನೋಡಿದರು.

"ನೆಗಡಿ," ಎಂದಳು ಟಿಲ್ಲಿ.

ಮೇವಿಸ್ ಅಜ್ಜಿ ಅವಳನ್ನೇ ದಿಟ್ಟಿಸಿದರು. "ಇಲ್ಲಿ ಯಾರಾದ್ರೂ ಸತ್ರೆ ಏನ್ಮಾಡ್ತಾರೆ ಗೊತ್ತೇನೇ ಪುಟ್ಟಿ? ಹೆಣ ಆಚೆ ಹೋಗೋವರೆಗೂ ನಮ್ಮೆಲ್ಲರ ರೂಮಿನ ಬಾಗಿಲು ಹಾಕಿಬಿಡ್ತಾರೆ. ಹೋದವರು ಯಾರು ಅಂತ ಊಟದ ಹೊತ್ತಿಗೆ ಖಾಲಿ ಕುರ್ಚಿ ನೋಡಿ ನಾವೇ ತಿಳ್ಕೋಬೇಕು. ನೀನೂ ಹಂಗ್ ಮಾಡ್ಬೇಡ ಕಣೇ."

ಟಿಲ್ಲಿ ಅಮ್ಮನ ಮುಖ ನೋಡಿದಳು. ಅಮ್ಮ ತಲೆ ತಗ್ಗಿಸಿದಳು.

"ಭಾನುವಾರ ಸತ್ತುಹೋದ," ಎಂದಳು ಟಿಲ್ಲಿ. "ನನ್ನ ಮಂಚದ ಪಕ್ಕದಲ್ಲೇ."

ಹೇಳಬಾರದಿತ್ತೇನೋ ಎಂದು ಟಿಲ್ಲಿಗೆ ಹೆದರಿಕೆಯಾಯಿತು.

"ನೋವು ತಿಂದನಾ?" ಕ್ಲಾರಿ ತಾತ ಮೆಲ್ಲಗೆ ಕೇಳಿದರು.

"ಇಲ್ಲ. ನಿದ್ದೇಲೇ ಹೋದ."

"ಪುಣ್ಯವಂತ. ನಮ್ಮ ಕುರಿ ಕಾಯೋ ನಾಯಿ ಸ್ಕಿಪ್‌ಗೆ ಹಾವು ಕಚ್ತು. ಎರಡು ದಿನ ನಾನು ಕುರಿ ಕಡೆ ತಲೆ ಹಾಕಲಿಲ್ಲ."

"ಎರಡೇ ದಿನಾನಾ? ಕಲ್ಲು ಮನುಷ್ಯ!" ಮೇವಿಸ್ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಲೇ ಗದರಿದರು. "ನನ್ನ ನಾಯಿ ಹೋದಾಗ ನಾನು ತಿಂಗಳುಗಟ್ಟಲೆ ಅತ್ತಿದ್ದೆ."

ಅಷ್ಟು ಕೇಳಿದ್ದೇ ತಡ, ಟಿಲ್ಲಿ ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಮನೆಯಲ್ಲಾಗಿದ್ದರೆ "ಅಳ್ಬೇಡ, ಇನ್ನೊಂದು ನಾಯಿ ತರೋಣ" ಅನ್ನುತ್ತಿದ್ದರು. ಇಲ್ಲಿ ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಮೇವಿಸ್ ಅಜ್ಜಿ ಕೇಳಿದರು, "ಕೊನೇ ದಿನ ಏನ್ ತಿಂದ ಅವನು?"

ಈ ಮಾತು ಅವಳನ್ನು ಯಾರೂ ಕೇಳಿರಲೇ ಇಲ್ಲ. ಟಿಲ್ಲಿ ಮೂಗು ಒರೆಸಿಕೊಂಡು, ಒಂದೊಂದಾಗಿ ಹೇಳತೊಡಗಿದಳು.