ಎರಡು ಹೊತ್ತಿನ ಹೆಬ್ಬೆರಳು

ಬುಧವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ವಸತಿ ಸಮುಚ್ಚಯದ ಕಾರ್ಯದರ್ಶಿ ಠಾಣೆಯ ಮೆಟ್ಟಿಲು ಹತ್ತಿ ಬಂದರು. ನಿವೃತ್ತ ಗಣಿತ ಮೇಷ್ಟ್ರು. ಅಂಗಿಯ ಗುಂಡಿಯನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದರು.

"ಯಂತ್ರ ಒಡೆದು ಹಾಕಿದಾರೆ ಮೇಡಂ."

"ಯಾವ ಯಂತ್ರ?" ಇನ್‌ಸ್ಪೆಕ್ಟರ್ ಕೇಳಿದಳು.

"ಹಾಜರಿ ಯಂತ್ರ. ಹೆಬ್ಬೆರಳು ಒತ್ತೋದು."

ದೂರು ಬರೆದುಕೊಳ್ಳುವಾಗ ವಿಷಯ ಬಿಚ್ಚಿಕೊಂಡಿತು. ಸ್ವಂತ ಸೂರಿಲ್ಲದವರಿಗೆ ವಸತಿ ಮಂಡಳಿ ಕಡಿಮೆ ಬೆಲೆಗೆ ಕೊಟ್ಟ ಫ್ಲಾಟುಗಳು ಅವು. ಬೆಲೆ ಕಡಿಮೆ, ಷರತ್ತು ಒಂದೇ, ಆದರೆ ದೊಡ್ಡದು: ಹತ್ತು ವರ್ಷ ಮಾಲೀಕನೇ ಅಲ್ಲಿ ವಾಸವಿರಬೇಕು. ಬಾಡಿಗೆಗೆ ಕೊಡುವಂತಿಲ್ಲ, ಮಾರುವಂತಿಲ್ಲ, ಬೀಗ ಹಾಕಿ ಹೋಗುವಂತಿಲ್ಲ. ಕಣ್ಣು ತಪ್ಪಿಸುವವರು ಹೆಚ್ಚಾದಾಗ ಮಂಡಳಿ ಗೇಟಿನ ಬಳಿ ಯಂತ್ರ ಕೂರಿಸಿತು. ಸಂಜೆ ಎಂಟರಿಂದ ಒಂಬತ್ತರೊಳಗೆ ಒಮ್ಮೆ, ಬೆಳಿಗ್ಗೆ ಐದರಿಂದ ಆರರೊಳಗೆ ಇನ್ನೊಮ್ಮೆ ಮಾಲೀಕನ ಹೆಬ್ಬೆರಳು ಬೀಳಬೇಕು. ವರ್ಷಕ್ಕೆ ಹದಿನೈದು ರಾತ್ರಿ ರಜೆ, ಅದೂ ಮೊದಲೇ ಅರ್ಜಿ ಕೊಟ್ಟರೆ. ಮೀರಿದರೆ ನೋಟಿಸು, ಆಮೇಲೆ ಹಂಚಿಕೆ ರದ್ದು.

"ಕೆಲಸದಲ್ಲಿ ಬೇರೆ ಊರಿಗೆ ವರ್ಗ ಆದರೆ?" ಎಂದಳು ಇನ್‌ಸ್ಪೆಕ್ಟರ್. ಅವಳಿಗೇ ಎಂಟು ವರ್ಷದಲ್ಲಿ ನಾಲ್ಕು ಸಲ ಆಗಿತ್ತು.

"ಮನೆ ಬೇಕು ಅಂದ್ರೆ ವರ್ಗ ಆಗಬಾರದು," ಎಂದರು ಮೇಷ್ಟ್ರು, ಲೆಕ್ಕದ ಉತ್ತರ ಹೇಳಿದ ಹಾಗೆ.

ಯಂತ್ರ ಮಂಡಳಿಯದು, ಅಂದರೆ ಸಾರ್ವಜನಿಕ ಆಸ್ತಿ. ಹಾಗಾಗಿ ಠಾಣೆಯಲ್ಲೇ ಜಾಮೀನು ಕೊಡಲು ಬರುವುದಿಲ್ಲ. ಅವಳು ಕಾನೂನಿನ ಪುಸ್ತಕ ತೆಗೆದು ಒಮ್ಮೆ ನೋಡಿದಳು. ಸಾಲದೆಂದು ಮೇಲಧಿಕಾರಿಯ ಕಚೇರಿಗೆ ಫೋನ್ ಮಾಡಿ ಕೇಳಿದಳು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿ ಬಂದವಳು. ತನಗೆ ಗೊತ್ತಿರುವುದೂ ಸರಿಯಾಗಿ ಗೊತ್ತಿಲ್ಲವೇನೋ ಎಂಬ ಅಳುಕು ಅವಳನ್ನು ಇನ್ನೂ ಬಿಟ್ಟಿರಲಿಲ್ಲ. ಎಫ್‌ಐಆರ್ ಅನ್ನು ಮೂರನೇ ಸಲ ಓದುತ್ತಿದ್ದಾಗ ದಫೇದಾರ ಕೆಮ್ಮಿದ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವನು ಠಾಣೆಗೆಲ್ಲ ತಾತ.

"ಮೇಡಂ, ಇನ್ನೊಂದ್ಸಲ ಓದಿದ್ರೆ ಅಕ್ಷರ ಅಳಿಸಿ ಹೋಗ್ತವೆ."

"ಜೀಪ್ ತೆಗೀರಿ ತಾತ."

ಏಳೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರು ಎದುರಿನ ಔಷಧಿ ಅಂಗಡಿಯವನು ಮತ್ತು ಲಿಫ್ಟ್ ರಿಪೇರಿಗೆ ಬಂದಿದ್ದವನು. ಯಂತ್ರ ಗೋಡೆಯಲ್ಲಿರಲಿಲ್ಲ. ಗೇಟಿನ ಪಕ್ಕದ ಕಾಂಕ್ರೀಟ್ ಕಟ್ಟೆಯ ಮೇಲೆ ಅಂಗಾತ ಮಲಗಿತ್ತು. ಬೆರಳಿಡುವ ಗಾಜಿನ ಮೇಲೆ ಸರಿಯಾಗಿ ನಡುವೆ ಒಂದೇ ಒಂದು ಏಟು. ಒಳಗಿನ ಹಸಿರು ಸರ್ಕ್ಯೂಟ್ ಹಲಗೆ ಎರಡು ಸೀಳಾಗಿತ್ತು. ಗೋಡೆಯ ಸುಣ್ಣ ಒಂದಿಷ್ಟೂ ಉದುರಿರಲಿಲ್ಲ. ಕಾವಲುಗಾರನ ಕುರ್ಚಿಯ ಮೇಲೆ ನಾಲ್ಕು ಸ್ಕ್ರೂಗಳು ತಲೆ ಕೆಳಗಾಗಿ, ಸಾಲಾಗಿ ನಿಂತಿದ್ದವು.

ತಾತ ಬಗ್ಗಿ ನೋಡಿದ. "ಒಡೆಯೋಕೆ ಬಂದವನು ಇಷ್ಟು ಮರ್ಯಾದೆ ಯಾಕೆ ಕೊಟ್ಟ?"

"ಅದನ್ನೂ ಬರ್ಕೊಳ್ಳಿ."

ಕಾವಲುಗಾರ ಕೈ ಕಟ್ಟಿ ನಿಂತಿದ್ದ. ಮುಖ ಬಿಳಿಚಿತ್ತು.

"ಎಷ್ಟೊತ್ತಿಗೆ ನೋಡಿದೆ?"

"ಐದೂಕಾಲಕ್ಕೆ ಮೇಡಂ. ಐದಕ್ಕೆ ಚೆನ್ನಾಗಿತ್ತು. ನೀರಿನ ಮೋಟಾರ್ ಹಾಕೋಕೆ ಹಿಂದೆ ಹೋದೆ. ಬಂದ್ರೆ ಹಿಂಗೆ."

"ಶಬ್ದ ಕೇಳಲಿಲ್ವಾ?"

"ಮೋಟಾರ್ ಶಬ್ದದಲ್ಲಿ ನನ್ನ ಹೆಂಡತಿ ಬೈದ್ರೂ ಕೇಳಲ್ಲ."

ಮೇಷ್ಟ್ರ ಬಳಿ ಅನುಮಾನಗಳು ಸಿದ್ಧವಾಗಿದ್ದವು. ಹನ್ನೊಂದು ಫ್ಲಾಟುಗಳಲ್ಲಿ ಬಾಡಿಗೆಯವರಿದ್ದಾರೆ, ಎಲ್ಲರೂ ಮಾಲೀಕನ ಷಡ್ಕ, ನಾದಿನಿ, ದೊಡ್ಡಪ್ಪನ ಮಗ ಎಂದು ಹೇಳಿಕೊಂಡಿದ್ದಾರೆ. "ಇಷ್ಟೊಂದು ಬಂಧು ಬಳಗ ನನ್ನ ಮದುವೇಲೂ ಬಂದಿರಲಿಲ್ಲ," ಎಂದರು. ಯಂತ್ರ ಬಂದಮೇಲೆ ಆ ಹನ್ನೊಂದು ಮಂದಿ ಮಾಲೀಕರಿಗೆ ನಿದ್ದೆ ಹಾಳು, ಒಡೆದವನು ಅವರಲ್ಲೇ ಒಬ್ಬ.

ಇನ್‌ಸ್ಪೆಕ್ಟರ್‌ಗೂ ಹಾಗೇ ಅನ್ನಿಸಿತು. ಹಾಗೇ ಅನ್ನಿಸಿದ್ದರಿಂದಲೇ ಸ್ವಲ್ಪ ಅಳುಕೂ ಆಯಿತು.

ಅವರಲ್ಲಿ ಮೊದಲನೆಯವನಿಗೆ ಸಮುಚ್ಚಯದಲ್ಲಿ ಪೈಜಾಮ ಎಂದೇ ಹೆಸರು. ಊರಿನ ಇನ್ನೊಂದು ತುದಿಯಲ್ಲಿ ಅವನಿಗೆ ಬಂಗಲೆಯಿತ್ತು. ಸಂಜೆ ಕಾರಿನಲ್ಲಿ ಬಂದು, ಮಲಗುವ ಬಟ್ಟೆಯಲ್ಲೇ ಇಳಿದು, ಆಕಳಿಸುತ್ತ ಬೆರಳೊತ್ತಿ, ಹಿಂದಿನ ಗೇಟಿನಿಂದ ಹೊರಟುಬಿಡುತ್ತಿದ್ದ. ಬೆಳಿಗ್ಗೆ ಮತ್ತೆ ಅದೇ ಬಟ್ಟೆ, ಅದೇ ಆಕಳಿಕೆ. ಎಂಟೂವರೆಗೆ ತಾತ ಅವನನ್ನು ಕರೆತಂದು ಕಚೇರಿ ಕೋಣೆಯಲ್ಲಿ ಕೂರಿಸಿದ.

"ಐದರಿಂದ ಐದೂಕಾಲರವರೆಗೆ ಎಲ್ಲಿದ್ರಿ?"

"ದಾರೀಲಿ. ನಾನು ಬಂದಾಗ ಐದೂವರೆ. ಯಂತ್ರ ಆಗಲೇ ಸತ್ತಿತ್ತು."

"ನೀವೇ ಸಾಯಿಸಿ ಹೋಗಿ ಮತ್ತೆ ಬಂದಿರಬಹುದು."

ಪೈಜಾಮ ನಕ್ಕ. ಭಯದ ನಗೆಯಲ್ಲ, ಬೇಸರದ್ದು. "ಮೇಡಂ, ಸುಳ್ಳು ಹೇಳಿ ಪ್ರಯೋಜನವಿಲ್ಲ, ನನ್ನ ಬಂಡವಾಳ ಇಡೀ ಬಿಲ್ಡಿಂಗಿಗೆ ಗೊತ್ತು. ಆದರೆ ಆ ಯಂತ್ರ ನನ್ನ ಪಾಲಿನ ದೇವರು. ದಿನಕ್ಕೆ ಎರಡು ನಿಮಿಷ ಬೆರಳು ಕೊಟ್ರೆ ನಾನು ಖಾಯಂ ನಿವಾಸಿ. ಅದು ಕೆಟ್ರೆ ಮಂಡಳಿಯೋರು ಮನೆ ಮನೆ ಬಾಗಿಲು ತಟ್ತಾರೆ, ಅಡುಗೆಮನೆ ನೋಡ್ತಾರೆ. ಕೂತಿರೋ ಕೊಂಬೆ ಯಾರಾದರೂ ಕಡೀತಾರಾ?"

ಕಾರು ನಿಲ್ಲಿಸುವ ಜಾಗದ ಸಿಸಿಟಿವಿಗೆ ಯಂತ್ರ ಕಾಣುತ್ತಿರಲಿಲ್ಲ, ಆದರೆ ಅದರಲ್ಲಿ ಅವನ ಕಾರು ಐದೂವರೆಗೇ ಒಳಬಂದಿತ್ತು. ಉಳಿದ ಹತ್ತು ಮಂದಿಯಲ್ಲಿ ಆರು ಜನ, ಯಂತ್ರ ಕೆಟ್ಟ ಸುದ್ದಿ ಕೇಳಿ, ಅವತ್ತು ಬಂದೇ ಇರಲಿಲ್ಲ. ಬಂದ ನಾಲ್ವರ ಮುಖದಲ್ಲಿ ಮನೆಯವರೇ ತೀರಿಕೊಂಡ ಕಳೆ. "ಈಗ ಏನು ಮಾಡೋದು ಮೇಡಂ, ಬೇರೆ ಯಂತ್ರ ಯಾವಾಗ ಬರುತ್ತೆ?" ಎಂದು ಒಬ್ಬನಂತೂ ಅವಳನ್ನೇ ಕೇಳಿದ.

ಕಾಗದದ ಲೋಟದ ಚಹಾ ಹಿಡಿದು ಅವಳು ಗೇಟಿನ ಬಳಿ ನಿಂತಳು. ಮೋಸ ಮಾಡುವವರಿಗೆ ಈ ಯಂತ್ರ ಅನುಕೂಲ. ಹಾಗಾದರೆ ಅದು ಕಷ್ಟ ಯಾರಿಗೆ? ಬೆರಳೊತ್ತಿ ನಿಜವಾಗಿಯೂ ಒಳಗೇ ಉಳಿದುಬಿಡುವವನಿಗೆ. ಯೋಚನೆ ಸರಿಯೋ ತಲೆಹರಟೆಯೋ ಎಂದು ಅವಳಿಗೆ ತಿಳಿಯಲಿಲ್ಲ. ಆದರೂ ಕಾವಲುಗಾರನನ್ನು ಕರೆದಳು.

"ಒಂದು ಹೊತ್ತೂ ತಪ್ಪಿಸದೋರು ಯಾರಾದ್ರೂ ಇದಾರಾ?"

"ಇದಾರಲ್ಲ ಮೇಡಂ, ನಾಲ್ಕನೇ ಮಹಡಿ ಮೆಕ್ಯಾನಿಕ್. ಹೊಲಿಗೆ ಯಂತ್ರ ರಿಪೇರಿ ಮಾಡ್ತಾರೆ, ಸಿದ್ಧ ಉಡುಪಿನ ಕಾರ್ಖಾನೇಲಿ. ಐದು ಹೊಡೆಯೋದೂ ಅವರು ಇಳಿಯೋದೂ ಒಂದೇ. ನನ್ನ ವಾಚ್ ಅವರನ್ನ ನೋಡೇ ತಿರುಗಿಸ್ಕೋತೀನಿ."

"ಇವತ್ತು?"

ಅವನು ಮೆಟ್ಟಿಲ ಕಡೆ ನೋಡಿದ. "ಬಂದ್ರು. ಅವರು ಬಂದಮೇಲೇ ನಾನು ಮೋಟಾರಿಗೆ ಹೋಗಿದ್ದು. ಆದ್ರೆ ಅವರು ಅಂಥೋರಲ್ಲ ಮೇಡಂ."

ತಾತ ಲೋಟ ಹಿಚುಕಿ ಎಸೆದ. "ಸ್ಕ್ರೂ," ಎಂದ ಮೆಲ್ಲಗೆ.

ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದವನಿಗೆ ನಲವತ್ತರ ಆಸುಪಾಸು. ಕೆಲಸಕ್ಕೆ ಹೊರಡದೆ, ಕೆಲಸದ ಬಟ್ಟೆಯಲ್ಲೇ ಕುಳಿತಿದ್ದ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಒಳಗೆ ಬನ್ನಿ ಎಂದ.

ಅವಳು ಮನೆ ನೋಡಿದಳು. ಬಾಗಿಲ ಹಿಂದೆ ಮೂರು ಕೊಕ್ಕೆ, ಒಂದರಲ್ಲಿ ಮಾತ್ರ ಅಂಗಿ. ತಟ್ಟೆ ಒಂದು, ಲೋಟ ಒಂದು. ಒಳಕೋಣೆಯಲ್ಲಿ ಪುಟ್ಟ ಮಂಚ, ಅದರ ಹಾಸಿಗೆಗೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಒಂದಿಷ್ಟೂ ಧೂಳಿಲ್ಲ. ವಾಸವಿದ್ದ ಮನೆ, ಸಂಸಾರವಿಲ್ಲದ್ದು.

"ಸುತ್ತಿಗೆ ಎಲ್ಲಿದೆ?" ಎಂದಳು.

ಅವನು ಪೆಟ್ಟಿಗೆ ತಂದು ಮುಂದಿಟ್ಟ. ಸುತ್ತಿಗೆ ಒರೆಸಿ ಎಣ್ಣೆ ಸವರಿ ಅದರ ಜಾಗದಲ್ಲೇ ಇಡಲಾಗಿತ್ತು. ಆದರೆ ಹಿಡಿಯ ಸಂದಿಯಲ್ಲಿ ಗಾಜಿನ ಚೂರೊಂದು ಮಿನುಗುತ್ತಿತ್ತು.

"ನೀವೇನಾ?"

"ನಾನೇ."

"ಸ್ಕ್ರೂ ಯಾಕೆ ಬಿಚ್ಚಿದ್ರಿ?"

"ಗೋಡೆಗೆ ಪೆಟ್ಟಾಗ್ತಿತ್ತು. ಗೋಡೆ ಏನು ತಪ್ಪು ಮಾಡಿದೆ?"

"ಒಡೆಯೋ ಮುಂಚೆ ಬೆರಳು ಒತ್ತಿದ್ರಾ?"

"ಒತ್ತಿದೆ." ಅವನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹಾಜರಿ ತಪ್ಪಬಾರದಲ್ಲ."

ತಾತ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಉಳಿದದ್ದನ್ನು ಅವನು ತಾನಾಗಿಯೇ ಹೇಳಿದ. ಕಾರ್ಖಾನೆಯಲ್ಲಿ ಯಾರದೋ ಯಂತ್ರ ಎಲ್ಲಿ ಕೆಟ್ಟಿತೆಂದು ವಿವರಿಸುವಂತೆ, ಒಂದೊಂದೇ ಭಾಗ ಎತ್ತಿ ಇಡುತ್ತ. ಮನೆ ಸಿಕ್ಕಿ ಆರು ವರ್ಷ. ಹೆಂಡತಿ ಸರ್ಕಾರಿ ಆಸ್ಪತ್ರೆಯ ದಾದಿ. ನಾಲ್ಕು ವರ್ಷದ ಹಿಂದೆ ಅವಳಿಗೆ ವರ್ಗವಾಯಿತು, ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಮಗಳಿಗೆ ಆಗ ಎರಡು ವರ್ಷ, ತಾಯಿಯ ಜೊತೆ ಹೋದಳು. ಹಂಚಿಕೆ ಇವನ ಹೆಸರಿಗೆ, ಇವನು ಉಳಿದ. ರಜೆಯ ದಿನ ಬೆಳಿಗ್ಗೆ ಐದಕ್ಕೆ ಬೆರಳೊತ್ತಿ ಬಸ್ಸು ಹತ್ತಿದರೆ ಮಧ್ಯಾಹ್ನ ಅಲ್ಲಿ. ಒಂಬತ್ತರೊಳಗೆ ವಾಪಸ್ ಬರಬೇಕೆಂದರೆ ಇಳಿದ ಒಂದು ಗಂಟೆಯಲ್ಲಿ ಮತ್ತೆ ಬಸ್ಸು.

"ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಒಂದು ಗಂಟೆ ಸಂಸಾರ ಮೇಡಂ. ಅವಳು ಊಟ ತರೋಳು, ಮಗು ಹೋಂವರ್ಕ್ ತೋರಿಸೋದು."

"ಬಿಟ್ಟು ಹೋಗಬಹುದಿತ್ತಲ್ಲ?"

"ಬಿಟ್ರೆ ಮನೆ ಹೋಗುತ್ತೆ. ಇನ್ನೊಂದು ಸಲ ಅರ್ಜಿ ಹಾಕೋ ಹಾಗಿಲ್ಲ. ನಮ್ಮಪ್ಪ ಬಾಡಿಗೆ ಮನೇಲೇ ಸತ್ತಿದ್ದು. ಹೆಣ ಎತ್ತೋ ಮುಂಚೆ ಮಾಲೀಕ ಬೀಗದ ಕೈ ಕೇಳಿದ." ಅವನು ಅಂಗೈ ನೋಡಿಕೊಂಡ. "ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಇನ್ನು ನಾಲ್ಕೇ ವರ್ಷ ಅಂತ ನನ್ನ ಹೆಂಡತಿ ಅಂತಾಳೆ. ಅಷ್ಟೊತ್ತಿಗೆ ಮಗೂಗೆ ಹತ್ತು."

"ಮತ್ತೆ ಇವತ್ತೇ ಯಾಕೆ?"

ಅವನು ಪೆಟ್ಟಿಗೆಯ ಮುಚ್ಚಳ ಮುಚ್ಚಿದ. "ನೆನ್ನೆ ಮಗಳ ಸ್ಕೂಲಲ್ಲಿ ಎಲ್ಲರ ಅಪ್ಪನ ಕೆಲಸ ಕೇಳಿದಾರೆ. ಇವಳು ಎದ್ದು ನಿಂತು, ನಮ್ಮಪ್ಪ ದೂರದ ಊರಲ್ಲಿ ಯಾರದೋ ಮನೆ ಕಾಯ್ತಾರೆ, ಮಾಲೀಕರು ಬಿಡಲ್ಲ ಅಂದಳಂತೆ. ಫೋನಲ್ಲಿ ನನಗೇ ಹೇಳಿದಳು, ಸರಿಯಾಗಿ ಉತ್ತರ ಕೊಟ್ಟೆ ಅಂತ ಖುಷಿಯಿಂದ. ಸುಳ್ಳು ಅಂತ ಹೇಳೋಕೆ ನನಗೆ ಬಾಯೇ ಬರಲಿಲ್ಲ."

ಸುತ್ತಿಗೆ ಮತ್ತು ಸ್ಕ್ರೂಡ್ರೈವರ್‌ಗಳನ್ನು ವಶಪಡಿಸಿಕೊಂಡು ಪಂಚನಾಮೆ ಬರೆಯಲಾಯಿತು. ಔಷಧಿ ಅಂಗಡಿಯವನು ತಲೆ ಎತ್ತದೆ ಸಹಿ ಹಾಕಿದ. ದಸ್ತಗಿರಿಯ ಪತ್ರಕ್ಕೆ ಆರೋಪಿಯ ಸಹಿ ಕೇಳಿದಾಗ ಅವನು ಅಭ್ಯಾಸಬಲದಿಂದ ಹೆಬ್ಬೆರಳು ಮುಂದೆ ಮಾಡಿ, ನಾಚಿ ಹಿಂದಕ್ಕೆಳೆದುಕೊಂಡು ಪೆನ್ನು ಇಸಿದುಕೊಂಡ.

ಕೆಳಗೆ ಮೇಷ್ಟ್ರು ನಿಂತಿದ್ದರು. ಮೆಕ್ಯಾನಿಕ್‌ನ ಮುಖ ನೋಡಿ ನಂಬಲಿಲ್ಲ. "ಇವರಾ? ನನ್ನ ಬಿಲ್ಡಿಂಗಲ್ಲಿ ನೂರಕ್ಕೆ ನೂರು ಇವರೊಬ್ಬರೇ. ದೂರು ವಾಪಸ್ ತಗೋತೀನಿ ಮೇಡಂ."

"ಮಂಡಳಿ ಆಸ್ತಿ ಸಾರ್. ನೀವು ತಗೊಂಡರೂ ಕೇಸು ನಿಲ್ಲಲ್ಲ."

ಅವಳು ಜೀಪು ಹತ್ತಿದಳು. ಪೈಜಾಮ ತನ್ನ ಕಾರಿಗೆ ಒರಗಿ ನೋಡುತ್ತಿದ್ದ. ಅವನ ಬಗ್ಗೆ ಮಂಡಳಿಗೆ ಒಂದು ವರದಿ ಕಳಿಸಬಹುದು ಅಷ್ಟೇ. ಹನ್ನೊಂದು ಜನರ ಹತ್ತಿರವೇ ತನಿಖೆ ನಿಲ್ಲಿಸಿದ್ದರೆ, ಪತ್ತೆಯಾಗಲಿಲ್ಲ ಎಂದು ಬರೆದು ಮುಚ್ಚಬಹುದಿತ್ತಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಮೆಕ್ಯಾನಿಕ್‌ನ ಹೆಂಡತಿಗೆ ವಿಷಯ ತಿಳಿಸಿದ್ದು ತಾತ. ಅವಳು ದಾದಿಯ ಸಮವಸ್ತ್ರದಲ್ಲೇ, ಮಗಳ ಕೈ ಹಿಡಿದು ಸಂಜೆ ಏಳೂವರೆಗೆ ಠಾಣೆಗೆ ಬಂದಳು. ಅಳಲಿಲ್ಲ. ಲಾಕಪ್ಪಿನ ಸರಳಿನ ಬಳಿ ನಿಂತು, "ಊಟ ಆಯ್ತಾ?" ಎಂದಳು. ಆಯ್ತು ಎಂದ. ಆಗಿರಲಿಲ್ಲ.

ಮಗು ಸರಳುಗಳನ್ನು, ಒಳಗಿನ ಖಾಲಿ ಗೋಡೆಯನ್ನು, ಅಪ್ಪನನ್ನು ನೋಡಿತು.

"ಅಪ್ಪ, ಈಗ ಈ ಮನೆ ಕಾಯ್ತಿದೀಯಾ?"

ಅವನು ಕೆಳಗೆ ಕೂತು ಸರಳಿನ ನಡುವೆ ಅದರ ಜಡೆ ಮುಟ್ಟಿದ. "ಒಂದೇ ರಾತ್ರಿ ಚಿನ್ನಾ."

ಎಂಟಾಯಿತು. ಅವನು ಎದ್ದು ನಿಂತ. ಎಲ್ಲಿಗೂ ಹೋಗಲಿಲ್ಲ, ಸುಮ್ಮನೆ ನಿಂತ. ಗಡಿಯಾರ ನೋಡಿ, ಇನ್‌ಸ್ಪೆಕ್ಟರ್‌ನ ಮೇಜಿನ ಕಡೆ ತಿರುಗಿದ.

"ಮೇಡಂ, ಇಲ್ಲಿದ್ದ ರಾತ್ರಿ ಹಾಜರಿಗೆ ಬರುತ್ತಾ, ಗೈರಾ?"

ಅವಳಿಗೆ ಗೊತ್ತಿರಲಿಲ್ಲ. ಮಂಡಳಿಗೆ ಫೋನ್ ಮಾಡಿದಳು. ಪಾಳಿಯ ಗುಮಾಸ್ತ ಪುಸ್ತಕ ತಿರುವಿ ಹೇಳಿದ: ಯಂತ್ರ ಇಲ್ಲದ ದಿನ ನಮ್ಮವರೇ ಮನೆಗೆ ಹೋಗಿ ನೋಡುತ್ತಾರೆ, ಮಾಲೀಕ ಖುದ್ದಾಗಿ ಇಲ್ಲದಿದ್ದರೆ ಗೈರು. ಮೂರು ದಿನ ಮುಂಚೆ ಅರ್ಜಿ ಕೊಟ್ಟಿದ್ದರೆ ಬೇರೆ ಮಾತು.

"ಬಂಧನಕ್ಕೆ ಮೂರು ದಿನ ಮುಂಚೆ ಯಾರು ಅರ್ಜಿ ಕೊಡ್ತಾರೆ?" ಎಂದಳು.

"ನಿಯಮ ಹೇಳಿದೆ ಮೇಡಂ," ಎಂದು ಅವನು ಫೋನಿಟ್ಟ.

ಅವಳು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೆಕ್ಯಾನಿಕ್ ತಲೆಯಾಡಿಸಿದ. ಠಾಣೆಯಲ್ಲಿ ಜಮೆ ಮಾಡಿದ್ದ ಅವನ ವಸ್ತುಗಳಿಂದ ಮನೆಯ ಬೀಗದ ಕೈಯನ್ನು, ರಸೀದಿಗೆ ಸಹಿ ಹಾಕಿಸಿಕೊಂಡು, ಇನ್‌ಸ್ಪೆಕ್ಟರ್ ಅವನ ಹೆಂಡತಿಗೆ ಕೊಟ್ಟಳು. ಆ ಹೊತ್ತಿಗೆ ವಾಪಸ್ ಬಸ್ಸಿರಲಿಲ್ಲ. ತಾತ ಜೀಪಿನಲ್ಲಿ ತಾಯಿ ಮಗಳನ್ನು ಫ್ಲಾಟಿಗೆ ಬಿಟ್ಟುಬಂದ.

ಮರುದಿನ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವ ಮುಂಚೆ ಮಂಡಳಿಯ ತಪಾಸಣೆ ವರದಿಯ ಪ್ರತಿ ಠಾಣೆಗೆ ಬಂತು. ಇನ್‌ಸ್ಪೆಕ್ಟರ್ ಅದನ್ನು ಮೂರು ಸಲ ಓದಿ ಕಡತಕ್ಕೆ ಸೇರಿಸಿದಳು. ನಾಲ್ಕನೇ ಮಹಡಿಯ ಆ ಫ್ಲಾಟಿನ ಸಂಖ್ಯೆಯ ಎದುರು ಹೀಗೆ ಬರೆದಿತ್ತು: ದೀಪ ಉರಿಯುತ್ತಿತ್ತು. ಒಬ್ಬ ಹೆಂಗಸು ಮಂಚದ ಪ್ಲಾಸ್ಟಿಕ್ ಹೊದಿಕೆ ಬಿಚ್ಚುತ್ತಿದ್ದರು, ಪಕ್ಕದಲ್ಲಿ ಒಂದು ಮಗು ನಿದ್ರಿಸುತ್ತಿತ್ತು. ಮಾಲೀಕ ಗೈರು. ಮನೆಯಲ್ಲಿ ವಾಸವಿಲ್ಲ.